ಕಡಲಾಚೆಯಿಂದ ಪಾಲು ಮಾಡಿ ತಂದ ಹಾಡು

ಹಳ್ಳಿಮೈಸೂರು

ನಾನು ಸಿಲೋನಿಗೆ ಹೋಗಿ ಬಂದವನು ಎಂದು ಗೊತ್ತಾದ ಮೇಲೆ ಚನ್ನರಾಯಪಟ್ಟಣದ ಮಂಡಿಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ಅಲ್ಲಿಯ ತೆಂಗು ಹೇಗಿದೆ? ಚೆನ್ನಾಗಿದೆ. ಕೊಬ್ಬರಿ ವ್ಯಾಪಾರಿಯಾಗಿ ಅಷ್ಟು ಹೇಳಿದರೆ ಸಾಕು. ನಾನು ಆ ದ್ವೀಪದಿಂದ ತಂದದ್ದು ಒಂದು ತಮಿಳು ಟಾಕಿಯ ಹಾಡು. ಅದೂ ಪೂರ್ತಿ ಅಲ್ಲ, ಅರ್ಧ. ಉಳಿದರ್ಧವನ್ನು ಹಳ್ಳಿಮೈಸೂರಿನ ಬೋರೇಗೌಡರು ತಂದರು. ಆ ಟಾಕಿಯ ಸಂಗೀತವನ್ನು ನಾನು ಇವತ್ತಿಗೂ ಬಾಯಿತುಂಬ ಹೊಗಳುತ್ತೇನೆ. ಹೊಗಳಿಕೆಗೆ ಮುಂಚೆ ನಮ್ಮ ಪಾಡು ಕೇಳಿ.

ಬೋರೇಗೌಡರು ದೊಡ್ಡ ತೆಂಗಿನ ತೋಟದ ಯಜಮಾನರು, ನನ್ನ ಮಂಡಿಗೆ ಕೊಬ್ಬರಿ ಹಾಕುವವರು, ಆರಡಿ ಆಳು. ಊರಿನ ಪೌರಾಣಿಕ ನಾಟಕದಲ್ಲಿ ವರ್ಷಾವರ್ಷವೂ ರಾಣಿಯ ಪಾರ್ಟು ಅವರದೇ. ಮೀಸೆ ಬೋಳಿಸಿ, ಸೀರೆ ಉಟ್ಟು, ಬಟ್ಟೆಯ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವರು ಅಳಲು ಕೂತರೆ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಹಾರ್ಮೋನಿಯಂ ಹೊಳೆನರಸೀಪುರದ ನಂಜುಂಡ ಮೇಷ್ಟ್ರದು. ನಮ್ಮ ಕಡೆ ನಾಟಕದ ಕಥೆ ಹಳೆಯದಿದ್ದರೂ ನಡೆಯುತ್ತದೆ, ಮಾತು ಹಳೆಯದಿದ್ದರೂ ನಡೆಯುತ್ತದೆ, ಹಾಡಿನ ಮಟ್ಟು ಮಾತ್ರ ಹೊಸದಾಗಿರಬೇಕು. ಎಲ್ಲೋ ಬಂದ ಹೊಸ ಟಾಕಿಯ ಮಟ್ಟನ್ನು ಯಾರಾದರೂ ಹಿಡಿದು ತಂದರೆ ಮೇಷ್ಟ್ರು ಅದಕ್ಕೆ ಕನ್ನಡದ ಪದ ಕೂಡಿಸುತ್ತಾರೆ. ಎರಡು ವರ್ಷದಿಂದ ಈ ಪೈಪೋಟಿಯಲ್ಲಿ ಅರಕಲಗೂಡಿನ ತಂಡದವರು ನಮ್ಮನ್ನು ಹಿಂದೆ ಹಾಕಿದ್ದರು. ಉಬ್ಬಸದ ನಂಜುಂಡ ಮೇಷ್ಟ್ರು ಮೊದಲಿನಂತೆ ಬೆಂಗಳೂರಿಗೆ ಓಡಿಹೋಗಿ ಟಾಕಿ ನೋಡಿ ಬರುವ ಸ್ಥಿತಿಯಲ್ಲಿರಲಿಲ್ಲ. ಈ ಸಲ ಹೊಸ ಮಟ್ಟು ಇಲ್ಲದಿದ್ದರೆ ಅರಕಲಗೂಡಿನ ಮೇಷ್ಟ್ರನ್ನೇ ಕರೆಸುವುದೆಂದು ಊರ ಹಿರಿಯರು ತೀರ್ಮಾನ ಮಾಡಿಬಿಟ್ಟಿದ್ದರು. ನಂಜುಂಡ ಮೇಷ್ಟ್ರಿಗೆ ಬೇರೆ ಕಸುಬು ಬಾರದು, ಬೇರೆ ಊರೂ ಇಲ್ಲ.

ಅದೇ ಹೊತ್ತಿಗೆ ನಮ್ಮ ಮಂಡಿಗೆ ತೆಂಗಿನ ಹಗ್ಗ ಕಳಿಸುತ್ತಿದ್ದ ಕೊಲಂಬೊದ ಪಿಳ್ಳೆಯವರು, ಒಮ್ಮೆ ಬಂದು ನಮ್ಮ ಕಡೆಯ ಕೊಬ್ಬರಿ ಕೆಲಸ ನೋಡಿ ಎಂದು ಕರೆದರು. ಸಮುದ್ರ ದಾಟಲು ನನಗೆ ಜೊತೆ ಬೇಕಿತ್ತು. ಬೋರೇಗೌಡರು ಹೊರಟರು. ಮೇಷ್ಟ್ರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಕೆಮ್ಮುತ್ತ ಬುದ್ಧಿ ಹೇಳಿದರು.

"ನೋಡ್ರಯ್ಯಾ, ಹೊಸ ಟಾಕಿ ಅಲ್ಲಿಗೆ ನಮಗಿಂತ ಮೊದಲು ಬರುತ್ತಂತೆ. ರಾಣಿ ಅಳೋದಕ್ಕೆ ಒಂದೇ ಒಂದು ಮಟ್ಟು ತನ್ನಿ, ಸಾಕು. ಒಬ್ಬನೇ ಪೂರ್ತಿ ಹೊರಬೇಡಿ, ದಾರೀಲಿ ಚೆಲ್ಲಿಹೋಗುತ್ತೆ. ಪಲ್ಲವಿ ಒಬ್ಬನ ಪಾಲು, ಚರಣ ಒಬ್ಬನ ಪಾಲು. ನಿಮ್ಮ ಪಾಲು ಕಿವಿಗೆ ಬಿದ್ದ ತಕ್ಷಣ ಹತ್ತಿ ತುರುಕಿಕೊಂಡು ಆಚೆ ಎದ್ದು ಬನ್ನಿ. ಇನ್ನೊಂದು ಹಾಡು ಒಳಕ್ಕೆ ಹೋಯ್ತೋ, ಮೊದಲನೇದು ಕೆಟ್ಟಿತು."

ಇದು ಮೇಷ್ಟ್ರು ಹೊಸದಾಗಿ ಕಂಡುಹಿಡಿದ ಉಪಾಯವಲ್ಲ. ನಮ್ಮ ಸೀಮೆಯ ನಾಟಕದವರು ಮಟ್ಟು ಸಾಗಿಸುತ್ತಿದ್ದುದೇ ಹೀಗೆ. ಹತ್ತಿಯನ್ನೂ ಅವರೇ ಕೊಟ್ಟರು.

ಹಡಗು

ಧನುಷ್ಕೋಟಿಯಲ್ಲಿ ರೈಲಿಳಿದು ಹಡಗು ಹತ್ತಬೇಕು. ಬೋರೇಗೌಡರು ಅಲ್ಲಿಯವರೆಗೆ ಕಂಡಿದ್ದ ದೊಡ್ಡ ನೀರೆಂದರೆ ಹೊಳೆನರಸೀಪುರದ ಸೇತುವೆಯ ಕೆಳಗೆ ಹರಿಯುವ ಹೇಮಾವತಿ.

"ಧರಣಪ್ನೋರೆ, ಇದ್ರ ಆ ದಡ ಎಲ್ಲೈತೆ?" ಎಂದರು.

"ಕಾಣಿಸೋಲ್ಲ ಗೌಡ್ರೆ."

"ಕಾಣ್ದೆ ಇರೋ ದಡಕ್ಕೆ ಓಗೋದಾ? ನಮ್ಮವ್ವಂಗೆ ಕೊಲಂಬೊ ಅಂದ್ರೆ ಕೊಯಮತ್ತೂರ್ ಪಕ್ಕ ಅಂತ ಏಳಿ ಬಂದೀನಿ ಕಣ್ರೀ."

ಹಡಗು ಅಲ್ಲಾಡತೊಡಗಿದ ಮೇಲೆ ಗೌಡರ ಹೊಟ್ಟೆ ತೊಳಸಿ, ಆರಡಿಯ ಮನುಷ್ಯ ಎರಡಾಗಿ ಮಡಿಸಿಕೊಂಡು ಮಲಗಿದರು. ನನಗೇನೂ ಆಗಲಿಲ್ಲ ಎಂದು ನಾನು ಬೀಗುತ್ತಿದ್ದೆ. ತಲೈಮನ್ನಾರಿನಲ್ಲಿ ನೆಲಕ್ಕೆ ಕಾಲಿಟ್ಟ ಮೇಲೆ ನೆಲವೇ ಅಲ್ಲಾಡಿದಂತಾಗಿ ನಾನು ಸುಂಕದ ಕಟ್ಟೆಯ ಮುಂದೆ ಕೂತುಬಿಟ್ಟೆ. ಅಷ್ಟರಲ್ಲಿ ಚೇತರಿಸಿಕೊಂಡಿದ್ದ ಗೌಡರು ನನ್ನ ಗಂಟನ್ನೂ ಹೊತ್ತುಕೊಂಡರು. ಸುಂಕದವನು ಗಂಟು ಬಿಚ್ಚಿಸಿ, ಮೇಷ್ಟ್ರು ಕೊಟ್ಟ ಹತ್ತಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಯಾವ ರೋಗಕ್ಕೆ ಎಂದು ಕೇಳಿದ. ಹಾಡಿಗೆ ಎಂದು ನಾನು ನಿಜವನ್ನೇ ಹೇಳಿದೆ. ಅವನು ನಮ್ಮನ್ನು ಬೇಗ ಮುಂದಕ್ಕೆ ಬಿಟ್ಟ.

ಕೊಲಂಬೊ

ನಾನು ಜೈನ. ನಮ್ಮದು ಬೆಳಗೊಳದ ಹತ್ತಿರದ ಮನೆತನ. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಸಿಲೋನಿನವರಿಗೆ ಹೊತ್ತು ಮುಳುಗಿದ ಮೇಲೇ ಹಸಿವು ಶುರು. ಇನ್ನೂ ದೊಡ್ಡ ಕಷ್ಟ, ಒಣ ಮೀನಿನ ಪುಡಿಯನ್ನು ಅವರು ಚಟ್ನಿಗೂ ಹಾಕುತ್ತಾರೆ, ಪಲ್ಯಕ್ಕೂ ಹಾಕುತ್ತಾರೆ. ಪಿಳ್ಳೆಯವರ ಮನೆಯವರು ಸಸ್ಯಾಹಾರಿಗಳಾದ್ದರಿಂದ ನಾನು ಬದುಕಿದೆ. ಅವರ ಮನೆಯಲ್ಲಿ ದಿನಾ ಬೆಳಿಗ್ಗೆ ಒತ್ತು ಶ್ಯಾವಿಗೆ. ನಮ್ಮಲ್ಲಿ ಅಳಿಯ ಬಂದರೆ ಮಾತ್ರ ಶ್ಯಾವಿಗೆ ಒತ್ತುವ ಒರಳು ಹೊರಗೆ ಬರುತ್ತದೆ, ಮನೆಯಿಡೀ ಸಂಭ್ರಮಪಡುತ್ತದೆ. ಅಲ್ಲಿ ಕೂಲಿಯವನೂ ನಿಂತಲ್ಲೇ ನಿಂತು ಶ್ಯಾವಿಗೆ ತಿಂದು ಕೈ ಒರೆಸಿಕೊಂಡು ಹೋಗುತ್ತಾನೆ. ಗೌಡರು ಮೂರು ದಿನ ಅಳಿಯನ ಗತ್ತಿನಲ್ಲೇ ಇದ್ದರು.

ಕೊಬ್ಬರಿಯ ಕೆಲಸ ಮಾತ್ರ ಗೌಡರಿಗೆ ಹಿಡಿಸಲಿಲ್ಲ. ನಾವು ಕಾಯನ್ನು ಅಟ್ಟದ ಮೇಲೆ ಹಾಕಿ, ಅದು ತನ್ನ ಪಾಡಿಗೆ ಒಳಗೇ ಒಣಗಿ ಗಲಗಲ ಎನ್ನುವವರೆಗೆ ವರ್ಷ ಕಾಯುತ್ತೇವೆ. ಅವರು ಹಸಿ ಕಾಯನ್ನೇ ಹೋಳು ಮಾಡಿ, ಕೆಳಗೆ ಚಿಪ್ಪಿನ ಬೆಂಕಿ ಹಾಕಿ, ನಾಲ್ಕಾರು ದಿನದಲ್ಲಿ ಒಣಗಿಸಿಬಿಡುತ್ತಾರೆ.

"ಕಾಯೋಕೆ ಪುರಸೊತ್ತೇ ಇಲ್ವಲ್ಲ ಈ ಜನಕ್ಕೆ," ಎಂದು ಗೌಡರು ಮರುಗಿದರು.

ಕತ್ತಲ ಮನೆ

ನಾವು ಹೋದ ವಾರವೇ ಮದರಾಸಿನ ಹೊಸ ಟಾಕಿ ಕೊಲಂಬೊಗೆ ಬಂದಿತ್ತು. ರಾಜ್ಯ ಕಳೆದುಕೊಂಡ ರಾಣಿಯ ಕಥೆ. ನಮಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು.

ಆಗಿನ ಟಾಕಿಗಳಲ್ಲಿ ಹಾಡು ಎಷ್ಟೆಂದು ಎಣಿಸುವ ಕಷ್ಟವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ರಾಜ ಹಾಡುತ್ತಾನೆ, ಮಂತ್ರಿ ಹಾಡುತ್ತಾನೆ, ಸೆರೆಮನೆಯ ಕಾವಲಿನವನೂ ಬಾಗಿಲು ಹಾಕುವ ಮುಂಚೆ ಒಂದು ಹಾಡಿ ಹಾಕುತ್ತಾನೆ. ಈ ಟಾಕಿಯ ಸಂಗೀತದಲ್ಲಿ ನನಗೆ ಹಿಡಿಸಿದ್ದು, ಆ ರಾಶಿಯಲ್ಲೂ ಒಂದರಂತೆ ಒಂದು ಇರಲಿಲ್ಲ. ದರ್ಬಾರಿನ ಹಾಡಿಗೆ ಇಂಗ್ಲಿಷ್ ಬ್ಯಾಂಡಿನ ಕಹಳೆ ಊದಿಸಿದ್ದರು, ಅದೊಂದು ನನಗೆ ಸೇರಲಿಲ್ಲ. ಮದುವೆ ಮೆರವಣಿಗೆಯಲ್ಲಿ ದಾರಿ ತಪ್ಪಿದಂತಾಯಿತು. ಉಳಿದದ್ದೆಲ್ಲ ಚಿನ್ನ. ಅಲ್ಲಿಯವರೆಗೆ ನಾನು ಕೇಳಿದ ಟಾಕಿಗಳಲ್ಲಿ ಪಿಟೀಲು, ಮೃದಂಗ, ಹಾರ್ಮೋನಿಯಂ ಎಲ್ಲ ಹಾಡುವವರ ಬೆನ್ನು ಹತ್ತಿ ಓಡುತ್ತಿದ್ದವು. ಇಲ್ಲಿ ರಾಣಿ ಉಸಿರು ತೆಗೆದುಕೊಳ್ಳಲು ನಿಂತರೆ ವಾದ್ಯವೂ ನಿಲ್ಲುತ್ತಿತ್ತು. ಆಮೇಲೆ ಪಿಟೀಲೊಂದೇ ಮೆಲ್ಲಗೆ ಬಂದು, ಮುಂದೆ ಹೇಳಮ್ಮ ಎಂದು ಕೇಳಿದ ಹಾಗೆ ಒಂದೆಳೆ ನುಡಿಸುತ್ತಿತ್ತು. ಆ ನಟಿಯ ಗಂಟಲು ಬಹಳ ಮೇಲಕ್ಕೇನೂ ಹೋಗುತ್ತಿರಲಿಲ್ಲ. ಮೇಲೆ ಹೋಗದೆಯೇ ನಮ್ಮನ್ನು ಅಳಿಸಿದಳು.

ಬಯಲಲ್ಲಿ ಒಂದು ಮರದ ಕೆಳಗೆ, ನಿದ್ದೆ ಹೋದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಶೋಕದ ಮುಖಾರಿ ರಾಗದಲ್ಲಿ ಹಾಡಿದಾಗ ಗೌಡರು ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನ್ನ ಆಚೆ ಕೂತಿದ್ದವನು ಸಿಂಹಳದವನು. ತಮಿಳಿನ ಒಂದು ಅಕ್ಷರವೂ ತಿಳಿಯದ ಆತ ಚುಟ್ಟವನ್ನು ಆರಿಸಿ ಕಣ್ಣೊರೆಸಿಕೊಂಡ. ಹಾಡು ಮುಗಿದ ಮೇಲೆ ಜನ ಚಪ್ಪಾಳೆ ತಟ್ಟುವುದನ್ನೂ ಮರೆತರು.

"ಇದೇ ಕಣ್ರೀ ನಮ್ಮ ಮಟ್ಟು," ಎಂದರು ಗೌಡರು. "ಇನ್ನೊಂದ್ ನೋಡೋದೇ ಬ್ಯಾಡ." ಟಾಕಿ ಮುಗಿಯುವ ಮುಂಚೆಯೇ ನನ್ನನ್ನು ಎಬ್ಬಿಸಿಕೊಂಡು ಹೊರಬಂದರು.

ಅಂಗಡಿಯಲ್ಲಿ ಗ್ರಾಮಫೋನ್ ಪ್ಲೇಟು ಇದೆಯೇ ಎಂದು ಕೇಳಿದೆವು. ರಾಜನ ಹಾಡಿನ ಪ್ಲೇಟು ಬಂದಿತ್ತು, ರಾಣಿಯದು ಬಂದಿರಲಿಲ್ಲ. ಸರಿ, ಮಾರನೆಯ ದಿನ ಸಂಜೆ ಹತ್ತಿಯೊಂದಿಗೆ ಮತ್ತೆ ಹೋದೆವು. ಪಲ್ಲವಿ ನನ್ನ ಪಾಲಿಗೆ, ಚರಣ ಗೌಡರ ಪಾಲಿಗೆ. ಆಕೆ ಮರದ ಕೆಳಗೆ ಕೂತಳು, ಪಲ್ಲವಿ ಹಾಡಿದಳು, ತಿರುಗಿ ಹಾಡಿದಳು. ನನ್ನ ಗಂಟಲಿಗೆ ಇಳಿಯಿತು. ಕಿವಿಗೆ ಹತ್ತಿ ತುರುಕಿಕೊಂಡು ಕತ್ತಲಲ್ಲಿ ಎದ್ದೆ. ಎದ್ದವನು ಒಬ್ಬ ದಪ್ಪ ಮನುಷ್ಯನ ಕಾಲನ್ನು ತುಳಿದೆ. ಅವನು ಎದ್ದು ಏನೋ ಕೂಗಿದ. ಕಿವಿಯಲ್ಲಿ ಹತ್ತಿ ಇದ್ದುದರಿಂದ ನನಗೆ ಕೇಳಿಸಲಿಲ್ಲ. ಕ್ಷಮೆ ಕೇಳೋಣವೆಂದರೆ ಬಾಯಿಬಿಟ್ಟರೆ ಪಲ್ಲವಿ ಹೋದೀತೆಂಬ ಭಯ. ತುಟಿ ಬಿಗಿದುಕೊಂಡು ಹೊರಟೆ. ಅವನನ್ನು ಸಮಾಧಾನ ಮಾಡುವ ಕೆಲಸ ಗೌಡರ ಮೇಲೆ ಬಿತ್ತು. ನಾನು ಹೊರಗೆ ದೀಪದ ಕಂಬದ ಕೆಳಗೆ ಪಲ್ಲವಿಯನ್ನು ಗೊಣಗುತ್ತ ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಗೌಡರೂ ತುಟಿ ಬಿಗಿದುಕೊಂಡು, ಕಿವಿಯಲ್ಲಿ ಹತ್ತಿ ತುಂಬಿಕೊಂಡು ಬಂದರು. ಸಿಕ್ಕಿತು ಎಂದು ಕೈಸನ್ನೆ ಮಾಡಿದರು.

ಮರಳುವ ದಾರಿ

ಜಗಳವಾದದ್ದು ಹಿಂದಿರುಗುವ ರೈಲಿನಲ್ಲಿ. ಮಧುರೆಯ ಆಚೆ ಯಾವುದೋ ನಿಲ್ದಾಣ. ಹೊತ್ತು ಮುಳುಗುವುದರಲ್ಲಿತ್ತು, ಬೆಳಗಿನಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಗೌಡರು ಇಳಿದು ಓಡಿಹೋಗಿ, ಗಾಡಿ ಹೊರಡುವಾಗ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಹತ್ತಿದರು. ಹತ್ತುವಾಗ ಅವರ ಬಾಯಲ್ಲಿ ಯಾವುದೋ ಕುಣಿತದ ಹಾಡಿತ್ತು. ಕಾಫಿ ಅಂಗಡಿಯಲ್ಲಿ ಪ್ಲೇಟು ತಿರುಗುತ್ತಿತ್ತಂತೆ.

ನನಗೆ ತಲೆಗೇರಿತು. "ಏನ್ ಗೌಡ್ರೆ ಇದು! ಹತ್ತಿ ಎಲ್ಲಿ? ಮೇಷ್ಟ್ರ ಅನ್ನದ ಮೇಲೆ ಕಲ್ಲು ಹಾಕ್ತಿದೀರಲ್ಲ!"

ಗೌಡರ ಮುಖ ಕಪ್ಪಿಟ್ಟಿತು. "ಅತ್ತಿ ಮಡಿಕ್ಕಂಡ್ರೆ ಅಣ್ಣಿನೋನ್ ಮಾತು ಕೇಳ್ಸುತ್ತೇನ್ರೀ? ಒತ್ತು ಮುಳುಗೋಯ್ತದೆ, ಉಪವಾಸ ಬಿದ್ದೋಯ್ತಾರೆ ಅಂತ ಓಡ್ದೆ. ತಕ್ಕಳಿ." ಚಿಪ್ಪನ್ನು ನನ್ನ ಮಡಿಲಿಗೆ ಹಾಕಿ ಕಿಟಕಿಯ ಕಡೆ ತಿರುಗಿದರು. ಅಲ್ಲಿಗೆ ಮಾತು ನಿಂತಿತು.

ಹಣ್ಣು ತಿಂದೆ. ಬಹಳ ರುಚಿಯಾಗಿತ್ತು, ಅದರಿಂದ ಇನ್ನೂ ನಾಚಿಕೆಯಾಯಿತು. ಆದರೆ ಮಾತು ಬಿಟ್ಟರೂ ಹಾಡು ಬಿಡುವಂತಿಲ್ಲ. ಮೇಷ್ಟ್ರ ಕಟ್ಟಪ್ಪಣೆ: ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವರವರ ಪಾಲನ್ನು ಬಾಯಿಬಿಟ್ಟು ಹಾಡಬೇಕು, ಇನ್ನೊಬ್ಬ ಕಿವಿ ಮುಚ್ಚಿಕೊಂಡು ಕಾವಲಿರಬೇಕು. ಹಾಗಾಗಿ ಬೆಳಗಾಗುತ್ತಲೇ ನಾನು ಗೌಡರ ಭುಜ ತಟ್ಟುವೆ. ಅವರು ನನ್ನನ್ನು ನೋಡದೆ ಹತ್ತಿ ಇಟ್ಟುಕೊಳ್ಳುವರು. ನಾನು ಅಳುವ ರಾಣಿಯಾಗುವೆ. ಆಮೇಲೆ ಅವರ ಸರದಿ, ನನ್ನ ಹತ್ತಿ. ಡಬ್ಬಿಯಲ್ಲಿದ್ದ ಒಬ್ಬ ಮುದುಕಿ, ಹುಚ್ಚು ಇಬ್ಬರಿಗೂ ಒಟ್ಟಿಗೇ ಹಿಡಿಯಿತೋ ಬೇರೆ ಬೇರೆಯೋ ಎಂದು ತಮಿಳಿನಲ್ಲಿ ವಿಚಾರಿಸಿದಳು.

ಬೆಂಗಳೂರಿನಲ್ಲಿ ಇಳಿದರೂ ಮಾತಿಲ್ಲ. ಬಸ್ಸು ಚನ್ನರಾಯಪಟ್ಟಣ ದಾಟಿದರೂ ಮಾತಿಲ್ಲ. ನನ್ನ ಮನೆಗೆ ಹೋಗದೆ ನೇರ ಮೇಷ್ಟ್ರ ಮನೆಗೇ ಹೋದೆವು.

ಹೊಳೆನರಸೀಪುರ

ಮೇಷ್ಟ್ರು ಹಾಸಿಗೆಯಲ್ಲಿದ್ದರು. ಎದ್ದು ಗೋಡೆಗೆ ಒರಗಿ, ಹಾರ್ಮೋನಿಯಂ ಎಳೆದುಕೊಂಡರು. ನಾನು ನನ್ನ ಪಾಲು ಹಾಡಿದೆ. ಅವರ ಬೆರಳು ಮುಖಾರಿಯನ್ನು ಹುಡುಕಿ ಹಿಡಿಯಿತು. ಆಮೇಲೆ ಗೌಡರು ಶುರು ಮಾಡಿದರು. ಬೆರಳು ನಿಂತುಬಿಟ್ಟಿತು.

"ಏನಯ್ಯಾ ಇದು? ಇದು ನೀಲಾಂಬರಿ. ಜೋಗುಳದ ರಾಗ! ಪಲ್ಲವಿ ಮುಖಾರಿ, ಚರಣ ನೀಲಾಂಬರಿಯಾ?"

ನಮಗೇನು ಗೊತ್ತು? ನಾವು ತಂದದ್ದನ್ನು ಒಪ್ಪಿಸಿದ್ದೆವು. "ಅಂಗೇ ಆಡಿದ್ಳು ಸಾ. ಅದೇ ಮರ, ಅದೇ ಸೀರೆ, ಕೂಸು ತೊಡೆ ಮ್ಯಾಲೇ ಇತ್ತು," ಎಂದರು ಗೌಡರು. ನಾನೂ ಹೌದೆಂದೆ.

ಮೇಷ್ಟ್ರು ಎರಡನ್ನೂ ಕೂಡಿಸಿ ಒಮ್ಮೆ ನುಡಿಸಿದರು. ಇನ್ನೊಮ್ಮೆ ನುಡಿಸಿದರು. ಕಣ್ಣಲ್ಲಿ ನೀರು ಬಂತು.

"ಅಯ್ಯೋ ಪುಣ್ಯಾತ್ಮ! ಅಳ್ತಾ ಇದಾಳೆ. ಅಳು ಕೇಳಿ ಮಗು ಎದ್ದುಬಿಟ್ಟೀತು ಅಂತ ಭಯ. ಅಳೋದನ್ನ ನುಂಗಿಕೊಂಡು ಅಲ್ಲೇ ಜೋಗುಳಕ್ಕೆ ತಿರುಗಿಬಿಡ್ತಾಳೆ! ಮೂವತ್ತು ವರ್ಷ ಈ ಪೆಟ್ಟಿಗೆ ಒತ್ತಿದೆ, ನನಗೆ ಇದು ಹೊಳೀಲಿಲ್ಲವಲ್ಲಯ್ಯಾ." ಆ ಸಂಗೀತದವನು ಯಾರೋ, ಯಾವ ಊರಿನವನೋ, ಮದರಾಸು ಇರುವ ಮೂಡಣ ದಿಕ್ಕಿಗೆ ತಿರುಗಿ ಕೈ ಮುಗಿದರು.

ಗೌಡರು ನನ್ನ ಕಡೆ ನೋಡಿದರು. "ಅಣ್ಣು ಚೆನ್ನಾಗಿತ್ತಾ?" ಎಂದರು. ಮಧುರೆಯಿಂದ ಈಚೆಗೆ ಅದೇ ಮೊದಲ ಮಾತು.

ಆ ವರ್ಷದ ನಾಟಕದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಹಾಡು ತಿರುಗುವ ಜಾಗ ಬಂದಾಗ ಹಳ್ಳಿಮೈಸೂರಿನ ಬಯಲಲ್ಲಿ ಗಂಡಸರೂ ಮೂಗೊರೆಸಿಕೊಂಡರು. ಅರಕಲಗೂಡಿನಿಂದ ನೋಡಲು ಬಂದಿದ್ದವರು ಹಾಡು ಯಾವ ಟಾಕಿಯದೆಂದು ಕೇಳಿಕೊಂಡು ಹೋದರು. ಮೇಷ್ಟ್ರನ್ನು ಬದಲಾಯಿಸುವ ಮಾತು ಅಲ್ಲಿಗೇ ಅಡಗಿತು. ಆಮೇಲೆ ಎಲ್ಲಿ ಆಡಿದರೂ ಆ ಹಾಡಿಗೆ ಮುಂಚೆ ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಮೂಡಣಕ್ಕೆ ಕೈ ಮುಗಿಯುವುದು ವಾಡಿಕೆಯಾಯಿತು. ನನಗಂತೂ ಒಳಗೊಳಗೇ ಹೆಮ್ಮೆ. ಹಾಸನದ ಸಂತೆಯಲ್ಲಿ ಸಿಕ್ಕಿದವರಿಗೆಲ್ಲ ಆ ಟಾಕಿಯ ಸಂಗೀತದ ಎದೆಗಾರಿಕೆಯನ್ನು ವರ್ಣಿಸಿದ್ದೇ ವರ್ಣಿಸಿದ್ದು.

ಚನ್ನರಾಯಪಟ್ಟಣ

ಕೊಲಂಬೊಗೆ ಹೊಸದಾಗಿ ಹೋದ ಟಾಕಿ, ಊರೂರು ಸುತ್ತಿ ಸವೆದು, ಮುಂದಿನ ಬೇಸಗೆಗೆ ಚನ್ನರಾಯಪಟ್ಟಣದಲ್ಲಿ ಟಾಕಿ ತೋರಿಸುವ ಡೇರೆಗೆ ಬಂತು. ಹಳ್ಳಿಮೈಸೂರಿನವರು ಗಾಡಿ ಕಟ್ಟಿಕೊಂಡು ಬಂದರು. ಅರಕಲಗೂಡಿನವರೂ ಬಂದರು. ಮೇಷ್ಟ್ರನ್ನು ನಾನೇ ಕರೆದುಕೊಂಡು ಬಂದು ಮುಂದೆ ಬೆಂಚಿನ ಮೇಲೆ ಕೂರಿಸಿದೆ. ಆ ಪಕ್ಕ ಗೌಡರು, ಈ ಪಕ್ಕ ನಾನು.

ರಾಣಿ ಮರದ ಕೆಳಗೆ ಕೂತಳು. ಮುಖಾರಿ ಶುರುವಾಯಿತು. ಪಲ್ಲವಿ ಮುಗಿಯಿತು. ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಎಂದು ನೂರಾರು ಜನ ಕತ್ತು ಮುಂದೆ ಮಾಡಿದರು. ಆಕೆ ತಿರುಗಲಿಲ್ಲ. ಮುಖಾರಿಯಲ್ಲೇ ಅತ್ತಳು, ಮುಖಾರಿಯಲ್ಲೇ ಮುಗಿಸಿದಳು. ಒಬ್ಬ ದಂಡಿನವನು ಬಂದ, ಮಾತಾಡಿದ, ಹೋದ. ಮಂತ್ರಿ ಒಂದು ಹಾಡಿದ. ಅದೆಲ್ಲ ಆದ ಮೇಲೆ ಅದೇ ಮರದ ಕೆಳಗೆ, ಅದೇ ಸೀರೆಯಲ್ಲಿ ಆಕೆ ಬೇರೆಯೇ ಒಂದು ಹಾಡು ತೆಗೆದಳು. ಅದು ನೀಲಾಂಬರಿಯ ಜೋಗುಳ.

ಗೌಡರು ಮೇಷ್ಟ್ರ ಬೆನ್ನ ಹಿಂದಿನಿಂದ ನನ್ನ ಕಿವಿಗೆ ಬಾಗಿದರು. ಅವರ ಪಿಸುಮಾತು ಮೇಷ್ಟ್ರಿಗೂ ಕೇಳುವಷ್ಟು ಗಟ್ಟಿಯಾಗಿತ್ತು.

"ಧರಣಪ್ನೋರೆ, ನೀವು ಅವನ್ ಕಾಲ್ ತುಳುದ್ರಲ್ಲ, ಅವನ್ನ ಕೂರ್ಸಿ ತಿರುಗಿ ನೋಡೋ ಒತ್ಗೆ ಈ ಆಡು ನಡೀತಿತ್ತು ಕಣ್ರೀ. ಅದೇ ಆಡು ಅಂದ್ಕಂಬುಟ್ಟೆ."

ನಿಮ್ಮ ನಾಟಕದ ಹಾಡು ಈ ಸಿನಿಮಾದ ಮಟ್ಟೇ ಅಲ್ಲ ಎಂದು ಅರಕಲಗೂಡಿನವರು ಒಂದು ಕೂಗು ಹಾಕಿದರೆ ಮೇಷ್ಟ್ರ ಗತಿ ಮುಗಿಯಿತೆಂದುಕೊಂಡೆ. ಕೂಗು ಬಂತು. ಬಂದದ್ದು ಹಳ್ಳಿಮೈಸೂರಿನವರ ಕಡೆಯಿಂದ.

"ಲೇ, ತಪ್ ಆಡ್ತಾವ್ಳೆ ಕಣ್ಲಾ!"

"ತಿರುಗ್ಲೇ ಇಲ್ವಲ್ಲೋ! ಮಧ್ಯದಲ್ಲಿ ಕುಯ್ದು ಮಂತ್ರೀನ ತುರುಕ್ಬುಟ್ಟವ್ರೆ!"

"ಯಂತ್ರದೋನೆ, ಸರಿಯಾಗ್ ಓಡ್ಸಲಾ!"

ಅರಕಲಗೂಡಿನವರೂ ದನಿ ಸೇರಿಸಿದರು. "ಬೋರೇಗೌಡ್ರು ಆಡೋ ಅಂಗೆ ಇಲ್ಲ ಇದು," ಎಂದು ಅವರ ಪೈಕಿ ಒಬ್ಬ ಎದ್ದುನಿಂತೇ ಹೇಳಿದ. ರೀಲು ತುಂಡಾಗಿದೆ ಎಂದೇ ಎಲ್ಲರ ತೀರ್ಪು. ಡೇರೆಯವನು ಓಡಿಬಂದು, ತಾನು ಏನೂ ಕತ್ತರಿಸಿಲ್ಲವೆಂದು ದೇವರ ಮೇಲೆ ಆಣೆಯಿಟ್ಟ. ಯಾರೂ ನಂಬಲಿಲ್ಲ.

ಮೇಷ್ಟ್ರು ಮಾತ್ರ ಪರದೆಯನ್ನೇ ನೋಡುತ್ತ ಕೂತಿದ್ದರು. ಜೋಗುಳ ಮುಗಿಯುವವರೆಗೂ ಅಲ್ಲಾಡಲಿಲ್ಲ. ಗಾಡಿ ಹತ್ತಿಸುವಾಗ ನಾನು ತಡೆಯಲಾರದೆ ಕೇಳಿದೆ.

"ಮೇಷ್ಟ್ರೆ, ನಮ್ಮಿಂದ ತಪ್ಪಾಯ್ತಲ್ಲ. ಹೇಗಿತ್ತು ಸಂಗೀತ?"

"ಬಹಳ ಚೆನ್ನಾಗಿ ಮಾಡಿದಾನಯ್ಯಾ," ಎಂದರು. "ಎರಡೂ ಹಾಡು ರತ್ನ. ಅವನಿಗೆ ಕಾಲು ತುಳಿಯೋರು ಸಿಗಲಿಲ್ಲ, ಅಷ್ಟೇ." ನಕ್ಕರು, ನಗು ಕೆಮ್ಮಾಯಿತು.

ಅರಕಲಗೂಡು

ಮುಂದಿನ ತಿಂಗಳು ಅರಕಲಗೂಡಿನವರೇ ನಮ್ಮ ತಂಡವನ್ನು ಕರೆಸಿ ನಾಟಕ ಆಡಿಸಿದರು. ಅವರ ಊರಿನಲ್ಲಿ, ಅವರ ಮೇಷ್ಟ್ರ ಎದುರಿಗೆ. ನಾನು ಮುಂದಿನ ಸಾಲಿನ ಚಾಪೆಯ ಮೇಲೆ ಕೂತಿದ್ದೆ. ಹಾಡು ಬಂತು. ಗೌಡರು ಸೀರೆಯ ಸೆರಗು ಹೊದ್ದು, ಬಟ್ಟೆಯ ಕೂಸನ್ನು ತೊಡೆಗೆ ಹಾಕಿಕೊಂಡು ಕೂತರು. ಮೇಷ್ಟ್ರು ಎಂದಿನಂತೆ ಹಾರ್ಮೋನಿಯಂ ಬಿಟ್ಟು ಮೂಡಣಕ್ಕೆ ಕೈ ಮುಗಿದರು.

ಆಮೇಲೆ ಹಾರ್ಮೋನಿಯಂ ಮುಟ್ಟಲಿಲ್ಲ. ನನ್ನ ಕಡೆ ತಿರುಗಿ ಕೈ ಮುಗಿದರು. ತಂದೆಯ ವಯಸ್ಸಿನವರು, ಅಷ್ಟು ಜನದ ಎದುರಿಗೆ. ನಾನು ಎದ್ದು ನಿಲ್ಲಲೋ ಬೇಡವೋ ತಿಳಿಯದೆ ತಲೆ ತಗ್ಗಿಸಿದೆ. ಬಳಿಕ ರಂಗದ ಮೇಲಿದ್ದ ರಾಣಿಯ ಕಡೆ ತಿರುಗಿ ಕೈ ಮುಗಿದರು. ಬೋರೇಗೌಡರು ತಾವು ರಾಣಿಯೆಂಬುದನ್ನು ಮರೆತು, ಗಡಬಡಿಸಿ ಎರಡೂ ಕೈ ಎತ್ತಿ ಮೇಷ್ಟ್ರಿಗೆ ಮುಗಿದರು. ಕೂಸು ತೊಡೆಯಿಂದ ಜಾರಿ ಕೆಳಕ್ಕೆ ಉರುಳಿತು.

ಅರಕಲಗೂಡಿನವರು ನಗಲಿಲ್ಲ. ಗೌಡರು ಕೂಸನ್ನು ಎತ್ತಿಕೊಂಡು, ಧೂಳು ಕೊಡವಿ, ತೊಡೆಯ ಮೇಲೆ ಮಲಗಿಸಿ ಎರಡು ಸಲ ಮೆಲ್ಲಗೆ ತಟ್ಟಿದರು. ಆಮೇಲೆ ಹಾಡಿದರು.